ಕೂಸಿನ ಮುಖ

ನೀರು ತುಸು ಹೆಚ್ಚೇ ಬಿಸಿಯಾಯಿತೇನೋ, ಮೊಣಕೈ ಅದ್ದಿ ನೋಡುತ್ತೇನೆ, ಒಂದು ಚೊಂಬು ತಣ್ಣೀರು ಬೆರೆಸುತ್ತೇನೆ, ಮತ್ತೆ ಅದ್ದುತ್ತೇನೆ, ಹಾಂ, ಈಗ ಹದವಾಯಿತು, ಉಗುರುಬೆಚ್ಚಗೆ — ಯಾರಿಗೆ ಹದವಾಯಿತು ಹೇಮಾವತಿ, ಯಾರಿಗೋಸ್ಕರ ನೋಡುತ್ತಿದ್ದೀಯ ಇಷ್ಟು ಹದ, ಈ ಕೂಸಿಗೆ ಬಿಸಿಯೂ ಒಂದೇ ತಂಪೂ ಒಂದೇ, ಕೈಗೆ ಮಾತ್ರ ಅದು ತಿಳಿಯದು, ಹೆರಿಗೆ ಕೋಣೆಯಲ್ಲಿ ಸವೆದ ಕೈ, ಕೂಸನ್ನು ಕಂಡ ಕೂಡಲೇ ತಾನಾಗಿ ನೀರಿನ ಹದ ನೋಡುತ್ತದೆ, ತಾನಾಗಿ ಕುತ್ತಿಗೆಯ ಹಿಂದೆ ಹೋಗಿ ತಲೆ ಜೋಲದಂತೆ ಹಿಡಿಯುತ್ತದೆ. ಬದುಕಿದ ಮಕ್ಕಳಿಗೆ ಈಗ ಹುಟ್ಟಿದ ಕೂಡಲೇ ಸ್ನಾನವಿಲ್ಲ, ಒರೆಸಿ ತಾಯಿಯ ಎದೆಯ ಮೇಲೆ ಹಾಕಿಬಿಡುವುದು, ಆ ಬಿಸುಪೇ ಸಾಕು ಅವಕ್ಕೆ, ಹಾಗಾಗಿ ಈ ಆಸ್ಪತ್ರೆಯಲ್ಲಿ ನನ್ನ ಕೈಯ ಸ್ನಾನ ಸಿಗುವುದು ಇಂಥವಕ್ಕೇ. ನವ್ಯಾಳ ಕೂಸು, ಹೆಣ್ಣು, ದಿನ ತುಂಬಿದ್ದು, ಎಲ್ಲವೂ ಇದೆ, ರೆಪ್ಪೆ ಇದೆ, ಹುಬ್ಬಿನ ಗೆರೆ ಇದೆ, ತಲೆ ತುಂಬ ಕಪ್ಪು ಕೂದಲು, ಒದ್ದೆಯಾಗಿ ಹಣೆಗೆ ಅಂಟಿದೆ, ತುಟಿ ಮಾತ್ರ ಬಣ್ಣ ತಪ್ಪಿ ಕಪ್ಪುಗೆಂಪಾಗಿದೆ, ನೇರಳೆ ಹಣ್ಣು ತಿಂದ ತುಟಿಯ ಹಾಗೆ. ಒರೆಸುತ್ತೇನೆ, ಮೊದಲು ಹಣೆ, ಆಮೇಲೆ ಕಿವಿಯ ಹಿಂದೆ, ಕತ್ತಿನ ಮಡಿಕೆ, ಫಿನಾಯಿಲ್ ವಾಸನೆಯ ಈ ಸಣ್ಣ ಕೋಣೆಯಲ್ಲಿ ಬೇಸಿನ್‌ಗಳ ನಡುವೆ ನಾನು ಮತ್ತು ಇದು, ಕಿಟಕಿಯಾಚೆ ಯಾರೋ ಬೈಕ್ ಒದೆಯುತ್ತಿದ್ದಾರೆ, ಅದು ಸ್ಟಾರ್ಟ್ ಆಗುತ್ತಿಲ್ಲ, ಒದೆಯುತ್ತಲೇ ಇದ್ದಾರೆ, ಸಾಕು ಮಾರಾಯ, ತಳ್ಳಿಕೊಂಡು ಹೋಗು.

ಬೆಳಿಗ್ಗೆ ತಾನೇ ನಡೆದುಕೊಂಡು ಬಂದಳಲ್ಲ ನವ್ಯಾ, ಗಂಡ ದುರ್ಗೇಶ್ ಹುಲಿಕಲ್‌ನಿಂದ ಓಮ್ನಿಯಲ್ಲಿ ಕರೆತಂದಿದ್ದ, ಹಿಂದೆ ಅತ್ತೆ ಯಮುನಮ್ಮ, ಕೈಯಲ್ಲಿ ಬಟ್ಟೆಯ ಚೀಲ. ಹೊಟ್ಟೆಯಡಿ ಕೈಯಿಟ್ಟುಕೊಂಡು ನಗುತ್ತಲೇ ಬಂದಳು, ನಮ್ಮ ಹೊತ್ತು ಹಾಳುಮಾಡುತ್ತಿದ್ದೇನೆ ಎಂಬ ಸಂಕೋಚದ ನಗು, ನಿನ್ನೆ ಸಂಜೆಯಿಂದ ಅಲ್ಲಾಡ್ತಿಲ್ಲ ಸಿಸ್ಟ್ರೇ, ನಿದ್ದೆ ಮಾಡ್ತಿರ್ಬೋದು ಅಂತ ಅತ್ತೆ ಹೇಳಿದ್ರು, ಬೆಳಿಗ್ಗೆಯಿಂದ ಸಣ್ಣಗೆ ನೋವೂ ಬರ್ತಿದೆ. ಪ್ರತಿ ತಪಾಸಣೆಗೂ ಬರುತ್ತಿದ್ದವಳು, ಹಲಸಿನ ಹಣ್ಣು ತಿನ್ಬಹುದಾ, ಕಾಲು ಮಡಚಿ ಕೂರ್ಬಹುದಾ, ಬಸ್ಸಿನಲ್ಲಿ ಕಿಟಕಿ ಪಕ್ಕ ಗಾಳಿಗೆ ಕೂರ್ಬಹುದಾ, ಎಲ್ಲದಕ್ಕೂ ಒಂದು ಬಹುದಾ, ಕೇಳದೆ ಏನನ್ನೂ ಮಾಡಿದವಳಲ್ಲ. ಮಲಗಿಸಿದೆ, ಹೊಟ್ಟೆಗೆ ಜೆಲ್ ಸವರಿ ಎದೆಬಡಿತ ಕೇಳುವ ಯಂತ್ರ ಇಟ್ಟೆ, ಎಡಕ್ಕೆ, ಬಲಕ್ಕೆ, ಹೊಕ್ಕುಳ ಕೆಳಗೆ, ಮತ್ತೆ ಎಡಕ್ಕೆ, ಗಾಳಿ ಬೀಸಿದಂಥ ಸದ್ದು, ಅದರ ಹಿಂದೆ ನಿಧಾನವಾಗಿ ಒಂದು ಬಡಿತ. ಅದೇ ಅಲ್ವಾ ಸಿಸ್ಟ್ರೇ ಅಂದಳು, ಕಣ್ಣು ಅರಳಿತು. ಅದು ನಿನ್ನದೇ ಬಡಿತ ಕಣೇ ಎನ್ನಲಾರದೆ, ಡಾಕ್ಟರ್ ಬರ್ಲಿ, ಸ್ಕ್ಯಾನ್ ಮಾಡೋಣ ಅಂದೆ. ಮುಖ ಅಲ್ಲಾಡದಂತೆ ಇಟ್ಟುಕೊಳ್ಳುವುದು ನಮಗೆ ಅಭ್ಯಾಸವಾಗಿರುತ್ತದೆ, ಆದರೆ ಜೆಲ್ ಒರೆಸುವಾಗ ಕೈ ಬೇಕಾದ್ದಕ್ಕಿಂತ ಮೆತ್ತಗಾಯಿತು, ಹುಡುಗಿ ಅದನ್ನು ಓದಿಕೊಂಡಳು, ನಗು ಅಲ್ಲೇ ನಿಂತಿತು. ವಿನಯಾ ಡಾಕ್ಟರ್ ಬಂದರು, ಸ್ಕ್ಯಾನ್ ಮಾಡಿದರು, ಸ್ಟೂಲ್ ಎಳೆದು ಕೂತು ಅವಳ ಕೈ ಹಿಡಿದು ಸುತ್ತಿ ಬಳಸದೆ ಹೇಳಿದರು, ಮಗುವಿನ ಎದೆಬಡಿತ ನಿಂತಿದೆ ನವ್ಯಾ. ಅವಳು ಅಳಲಿಲ್ಲ, ಡಾಕ್ಟರ ಮುಖವನ್ನೇ ನೋಡಿ, ಹಂಗಾದ್ರೆ ನೋವು ಎಂತಕ್ಕೆ ಬರ್ತಿದೆ ಅಂದಳು.

ನೋವು ಬಂತು, ಬರಲೇಬೇಕಲ್ಲ, ಬದುಕಿದ ಕೂಸಿಗೆ ಬರುವಷ್ಟೇ ಬಂತು, ಒಂದಿಷ್ಟೂ ರಿಯಾಯಿತಿ ಇಲ್ಲ. ಪರದೆಯ ಆಚೆ ಇನ್ನೊಬ್ಬಳು ಹೆರುತ್ತಿದ್ದಳು, ಅವಳಿಗೆ, ಬಂತು ಬಂತು, ತಲೆ ಕಾಣ್ತಿದೆ, ಇನ್ನೊಂದು ಸಲ ಎನ್ನುತ್ತಿದ್ದರು, ಅವೇ ಮಾತು ನನ್ನ ನಾಲಿಗೆಯ ತುದಿಯಲ್ಲೂ ಬಂದು ನಿಲ್ಲುತ್ತಿತ್ತು, ನುಂಗಿಕೊಂಡೆ, ಏನು ಹೇಳಬೇಕು ಇಂಥವಳಿಗೆ, ಯಾರೂ ಕಲಿಸಿರಲಿಲ್ಲ, ಸಾಗರದಲ್ಲಿ ನಾನು ಟ್ರೇನಿಂಗ್ ಮಾಡುವಾಗ ನೂರು ಸಂಗತಿ ಬರೆಸಿದರು, ಇದೊಂದನ್ನು ಬಿಟ್ಟು. ನಾನಿದ್ದೀನಿ ಅಂದೆ, ಅಷ್ಟೇ, ನಾನಿದ್ದೀನಿ, ನಾನಿದ್ದೀನಿ, ಅವಳು ನನ್ನ ಮಣಿಕಟ್ಟು ಹಿಡಿದಿದ್ದಳು, ಅಲ್ಲಿ ಈಗಲೂ ಕೆಂಪಗಿದೆ. ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ ಕೂಸು ಬಂತು, ಗೊತ್ತಿದ್ದೂ ಕಿವಿ ಕಾಯುತ್ತದೆ, ಅಳು ಬರುತ್ತದೆಂದು ಕಾಯುತ್ತದೆ. ಹೊಕ್ಕುಳಬಳ್ಳಿಯಲ್ಲಿ ಒಂದು ಗಂಟು, ಬಿಗಿದು ಹೋಗಿತ್ತು, ಕೂಸು ಒಳಗೆ ಆಡುತ್ತಾ ಉರುಳುತ್ತಾ ತಾನೇ ಹಾಕಿಕೊಂಡದ್ದು, ಡಾಕ್ಟರು ದುರ್ಗೇಶನನ್ನು ಕರೆದು ತೋರಿಸಿದರು, ನೋಡಿ, ಇದು ಯಾರ ತಪ್ಪೂ ಅಲ್ಲ, ನಿಮ್ಮ ಹೆಂಡತೀದೂ ಅಲ್ಲ, ಮನೇಲಿ ಯಾರೂ ಅವಳಿಗೆ ಒಂದು ಮಾತು ಆಡಬಾರದು. ಅವನು ಹೂಂ ಹೂಂ ಎಂದು ತಲೆಯಾಡಿಸಿದ, ಗಂಟನ್ನೇ ನೋಡುತ್ತಾ, ಬಿಚ್ಚೂಕೆ ಆಗ್ತಿರ್ಲಿಲ್ವಾ ಮೇಡಂ ಅಂದ. ಆಗ್ತಿರಲಿಲ್ಲ ದುರ್ಗೇಶ್ ಅಂದರು ಡಾಕ್ಟರು. ಒಳಗೆ ನವ್ಯಾ ಗೋಡೆಯ ಕಡೆ ಮುಖ ಮಾಡಿ ಕೇಳಿದಳು, ಎಂತ ಮಗು. ಹೆಣ್ಣು ಅಂದೆ. ಮತ್ತೆ ಏನೂ ಕೇಳಲಿಲ್ಲ. ಅಷ್ಟರಲ್ಲೇ ಪರದೆಯಾಚೆಯ ಕೂಸು ಹುಟ್ಟಿ ಚೀರಿತು, ಒಳ್ಳೆ ಗಟ್ಟಿ ಗಂಟಲು, ಯಾರೋ ನಕ್ಕರು, ಯಾರೋ ಶ್ ಅಂದರು, ನವ್ಯಾಳ ಬೆನ್ನು ಅಲ್ಲಾಡಲಿಲ್ಲ. ಅವಳನ್ನು ಮೂಲೆಯ ಚಿಕ್ಕ ಕೋಣೆಗೆ ಹಾಕಿಸಿದೆ, ಆ ಅಳು ಅಲ್ಲಿಗೂ ಕೇಳುತ್ತದೆ, ಕಡಿಮೆ ಕೇಳುತ್ತದೆ ಅಷ್ಟೆ.

ವರಾಂಡದಲ್ಲಿ ಯಮುನಮ್ಮ ನನ್ನ ಕೈಗೆ ಆ ಚೀಲ ಕೊಟ್ಟರು, ಹಳೆಯ ಹತ್ತಿ ಸೀರೆಯ ತುಂಡುಗಳು, ಒಗೆದು ಒಗೆದು ಬೆಣ್ಣೆಯಂತಾಗಿದ್ದವು, ಕೂಸಿಗೆಂದು ಮಡಚಿ ತಂದದ್ದು, ಇದ್ರಲ್ಲೇ ಸುತ್ತಿ ಕೊಟ್ಬಿಡಿ ಸಿಸ್ಟ್ರೇ, ಹಿಂದಿನ ಬಾಗ್ಲಿಂದ ನಮ್ಮ ಹುಡ್ಗ ತಗಂಡು ಹೋಗ್ತಾನೆ, ಹುಡ್ಗೀಗೆ ಮಾತ್ರ ತೋರಿಸ್ಬ್ಯಾಡಿ. ಕೆಟ್ಟ ಹೆಂಗಸಲ್ಲ, ಕಣ್ಣು ಊದಿಕೊಂಡಿತ್ತು, ಸೆರಗಿನ ತುದಿ ಬಾಯಿಗೊತ್ತಿಕೊಂಡು ಮಾತಾಡುತ್ತಿದ್ದರು, ಹಸೀ ಮೈ ಅವ್ಳದ್ದು, ನೋಡಿದ್ರೆ ಮನ್ಸಿಗೆ ಹಚ್ಕಂತಾಳೆ, ಮುಖ ನೋಡಿದ್ಮೇಲೆ ಮರಿಯೂಕೆ ಆಗೂದಿಲ್ಲ, ನೋಡದೆ ಇದ್ರೆ ಒಂದು ಕನಸು ಅಂದ್ಕಂಡು ಬಿಡ್ತಾಳೆ. ನಾನು ಹೂಂ ಅಂದೆನೇ, ಅನ್ನಲಿಲ್ಲವೇ, ನೆನಪಿಲ್ಲ, ಬಟ್ಟೆಯ ಚೀಲ ಹಿಡಿದು ಈ ಕೋಣೆಗೆ ಬಂದೆ, ಬಾಗಿಲು ಹಾಕಿಕೊಂಡೆ, ನೀರು ಕಾಯಿಸಲಿಟ್ಟೆ. ಮರಿಯೂಕೆ ಆಗೂದಿಲ್ಲ. ಇದೇ ಮಾತನ್ನು ನನ್ನ ಅವ್ವನಿಗೂ ಯಾರೋ ಹೇಳಿರಬೇಕು, ಅವ್ವನಿಗಲ್ಲ, ಅವ್ವನ ಬಗ್ಗೆ, ಬಾಗಿಲಾಚೆ ನಿಂತು, ಹೀಗೇ ಸೆರಗು ಬಾಯಿಗೊತ್ತಿಕೊಂಡು.

ಅವ್ವ ಈಗ ನನ್ನ ಮನೆಯಲ್ಲಿದ್ದಾಳೆ, ಬಸ್ ಸ್ಟ್ಯಾಂಡಿನ ಹಿಂದಿನ ಬಾಡಿಗೆ ಮನೆಯಲ್ಲಿ, ನಾನು ಡ್ಯೂಟಿಯಲ್ಲಿರುವಾಗ ಪಕ್ಕದ ಮನೆಯ ಆಶಾ ನೋಡಿಕೊಳ್ಳುತ್ತಾಳೆ. ಪುಷ್ಪಮ್ಮ ಎಂದು ತನ್ನ ಹೆಸರು ಹೇಳುತ್ತಾಳೆ, ನನ್ನ ಹೆಸರು ಕೆಲವು ದಿನ ಬರುವುದಿಲ್ಲ, ಅಪ್ಪ ತೀರಿಕೊಂಡದ್ದು ನೆನಪಿಲ್ಲ, ತಟ್ಟೆ ಮುಂದಿಟ್ಟರೆ ಉಂಡಾಯ್ತಲ್ಲ ಅನ್ನುತ್ತಾಳೆ, ಆದರೆ ಸಂಜೆ ನಾನು ಚಪ್ಪಲಿ ಬಿಟ್ಟ ಕೂಡಲೇ ಬಾಗಿಲಿಗೆ ಬಂದು ಕೇಳುತ್ತಾಳೆ, ಕೂಸು ಎಲ್ಲಿ, ಒಳಗೆ ತಗಂಡು ಹೋದ್ರಲ್ಲ, ಇನ್ನೂ ತರ್ಲೇ ಇಲ್ಲ. ಮೊದಮೊದಲು ನನ್ನನ್ನೇ ಕೇಳುತ್ತಿದ್ದಾಳೆ ಅಂದುಕೊಂಡೆ, ನಾನೇ ಅವ್ವ ನಿನ್ನ ಕೂಸು, ಹೇಮಾ, ನೋಡು ಅಂದೆ, ನೀನಲ್ಲ ಎಂದು ಕೈ ಕೊಡವಿದಳು, ಆ ಕೂಸು, ಆ ಕೂಸು. ನಮ್ಮೂರು ತುಮರಿಯಲ್ಲಿರುವ ಸೋದರತ್ತೆಗೆ ಫೋನ್ ಮಾಡಿ ಕೇಳಿದಾಗ ಹೇಳಿದರು, ನಿನಗಿಂತ ಮುಂಚೆ ಒಂದು ಇತ್ತು ಕಣೇ ಹೇಮಾ, ಅಳಲೇ ಇಲ್ಲ ಅದು, ನಮ್ಮಮ್ಮ ಸೆರಗಲ್ಲಿ ಮುಚ್ಕಂಡು ಹಿತ್ಲ ಕಡೆಯಿಂದ ತಗಂಡು ಹೋದ್ರು, ಗಂಡೋ ಹೆಣ್ಣೋ ನಮಗೂ ಹೇಳ್ಲಿಲ್ಲ, ನಿಮ್ಮವ್ವ ಆಮೇಲೆ ಒಂದಿನವೂ ಕೇಳ್ಲಿಲ್ಲ, ಮರ್ತ್ಬಿಟ್ಲು ಅಂದ್ಕಂಡಿದ್ವಿ. ಮರೆತಳೆಂದುಕೊಂಡರಂತೆ. ಗದ್ದೆ ನಟ್ಟಿ ಮಾಡುತ್ತಿದ್ದಳಲ್ಲ, ನನ್ನನ್ನು ಹೆತ್ತಳಲ್ಲ, ಟ್ರಂಕು ತಲೆಯ ಮೇಲಿಟ್ಟುಕೊಂಡು ಲಾಂಚಿನಲ್ಲಿ ಅಣೆಕಟ್ಟಿನ ಹಿನ್ನೀರು ದಾಟಿಸಿ ನನ್ನನ್ನು ಸಾಗರದ ಹಾಸ್ಟೆಲಿಗೆ ಬಿಟ್ಟಳಲ್ಲ, ಹೆರಿಗೆ ಮಾಡಿಸೂ ಕೆಲ್ಸ ಕಲಿ, ಒಳ್ಳೆ ಕೆಲ್ಸ ಅಂದಳಲ್ಲ, ಆಗೆಲ್ಲ ಅದು ಒಳಗೇ ಇತ್ತು, ಈಗ ಲಾಂಚಿನ ಜಾಗಕ್ಕೆ ಸೇತುವೆಯೇ ಬಂದಿದೆ, ಅವ್ವನ ತಲೆಯಿಂದ ಊರು ಹೋಯಿತು, ಹಿನ್ನೀರು ಹೋಯಿತು, ಗಂಡ ಹೋದ, ಒಂದೊಂದೇ ಹೋಗುತ್ತಿದ್ದ ಹಾಗೆ ತಳದಲ್ಲಿದ್ದದ್ದು ಮೇಲೆ ಬಂತು, ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಿದ ಮರದ ಬೊಡ್ಡೆಗಳು ಏಳುತ್ತವಲ್ಲ ಹಾಗೆ. ನೋಡಿದ್ದನ್ನೆಲ್ಲ ಮರೆತಿದ್ದಾಳೆ, ನೋಡದ್ದೊಂದನ್ನು ಮರೆತಿಲ್ಲ, ಮರೆಯಲಿಕ್ಕಾದರೂ ಒಂದು ಮುಖ ಬೇಡವೇ ಯಮುನಮ್ಮ, ಯಾವುದನ್ನು ಮರೆಯಬೇಕು ಅವಳು.

ಬಾಗಿಲು ತಟ್ಟುತ್ತಿದ್ದಾರೆ, ಯಮುನಮ್ಮನೇ, ಆಯ್ತಾ ಸಿಸ್ಟ್ರೇ, ಕತ್ಲಾಗೂದ್ರೊಳಗೆ ಊರು ಮುಟ್ಬೇಕು. ಕೂಸನ್ನು ಬಟ್ಟೆಯಲ್ಲಿ ಸುತ್ತಿದ್ದೇನೆ, ಮುಖ ಬಿಟ್ಟು, ಬದುಕಿದವನ್ನು ಸುತ್ತುವ ಹಾಗೇ, ಮುಖ ಮುಚ್ಚಲು ಕೈ ಬರಲಿಲ್ಲ. ಬಾಗಿಲು ತೆಗೆದು ಹೇಳುತ್ತೇನೆ, ಯಮುನಮ್ಮ, ಒಂದ್ಸಲ ಅವಳನ್ನು ಕೇಳ್ತೀನಿ, ಬೇಡ ಅಂದ್ರೆ ಕೊಟ್ಬಿಡ್ತೀನಿ. ಬ್ಯಾಡ ಸಿಸ್ಟ್ರೇ, ನಿಮಗೆ ಕೈ ಮುಗೀತೀನಿ, ನೀವು ದಿನಾ ನೋಡೋರು, ನಿಮಗೆ ಇದೊಂದು ಕೆಲ್ಸ, ಅವ್ಳು ನಮ್ಮನೇಲಿ ಬದುಕ್ಬೇಕು. ಈ ಮಾತು ತಾಗಿತು, ನಿಜವೂ ಹೌದು, ನಾನು ನಾಳೆ ಇನ್ನೊಬ್ಬಳ ಕೂಸು ಹಿಡಿಯುತ್ತೇನೆ, ಇವರು ಹುಲಿಕಲ್‌ನ ಮನೆಯಲ್ಲಿ ಅವಳ ಮೌನದ ಜೊತೆ ಉಣ್ಣಬೇಕು, ನನ್ನ ಅವ್ವನ ಕಥೆಯನ್ನು ತಂದು ಇವರ ಮೇಲೆ ಹೇರುತ್ತಿದ್ದೇನೆಯೇ, ನವ್ಯಾ ಅವ್ವನಲ್ಲ, ನೋಡಿ ಕುಸಿದರೆ, ಕೂಸನ್ನು ಬಿಡದೆ ಅಪ್ಪಿಕೊಂಡು ಕೂತರೆ, ಕಿತ್ತುಕೊಳ್ಳುವವರು ಯಾರು, ನಾನೇ. ವಿನಯಾ ಡಾಕ್ಟರು ಆ ಕಡೆಯಿಂದ ಹೋಗುತ್ತಾ ನಿಂತರು, ನಮ್ಮಿಬ್ಬರ ಮುಖ ನೋಡಿದರು, ಅವಳನ್ನೇ ಕೇಳಿ ಸಿಸ್ಟರ್, ಅವಳ ಮಗು ಅಂದರು, ಹೋದರು. ಅವಳ ಮಗು. ಬೆಳಿಗ್ಗೆಯಿಂದ ಯಾರೂ ಆಡಿರಲಿಲ್ಲ ಆ ಮಾತನ್ನು.

ಮೂಲೆಯ ಕೋಣೆಗೆ ಕೂಸಿಲ್ಲದೆ ಹೋದೆ. ನವ್ಯಾ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು, ಪಕ್ಕದ ಸ್ಟೂಲಿನಲ್ಲಿ ದುರ್ಗೇಶ್, ಫ್ಲಾಸ್ಕಿನ ಮುಚ್ಚಳ ಬಿಗಿಯುತ್ತಾ ಬಿಚ್ಚುತ್ತಾ. ಹೇಳಬೇಕಾದ್ದನ್ನು ಮೊದಲು ಹೇಳಿದೆ, ಇನ್ನೆರಡು ಮೂರು ದಿನಕ್ಕೆ ಹಾಲು ಬರ್ತದೆ ನವ್ಯಾ, ಗಾಬರಿ ಆಗ್ಬೇಡ, ಎದೆ ಕಟ್ಟಿ ನೋವಾದ್ರೆ ಫೋನ್ ಮಾಡು. ಅವಳು ಎದೆಯ ಮೇಲೆ ಕೈ ಇಟ್ಟುಕೊಂಡಳು, ಹಾಲು ಬರ್ತದಾ, ಅದಕ್ಕೆ ಗೊತ್ತಾಗೂದಿಲ್ವಾ ಸಿಸ್ಟ್ರೇ. ಗೊತ್ತಾಗೂದಿಲ್ಲ ಮಗಾ. ಮೊದಲ ಸಲ ಕಣ್ಣೀರು ಬಂತು ಅವಳಿಗೆ, ಸದ್ದಿಲ್ಲದೆ ಕಿವಿಯೊಳಕ್ಕೆ ಇಳಿಯಿತು. ನಾನು ಮಂಚದ ತುದಿಯಲ್ಲಿ ಕೂತು, ಕೂಸಿನ್ನೂ ಇಲ್ಲೇ ಇದೆ, ಸ್ನಾನ ಮಾಡಿಸಿದ್ದೀನಿ, ನೋಡ್ಬೇಕು ಅನ್ಸಿದ್ರೆ ತರ್ತೀನಿ, ಬೇಡ ಅನ್ಸಿದ್ರೆ ಬೇಡ, ಎರಡರಲ್ಲೂ ತಪ್ಪಿಲ್ಲ ಅಂದೆ. ಅವಳು ಸಟ್ಟನೆ ತಿರುಗಿದಳು, ಗಂಡನನ್ನು ನೋಡಿದಳು, ಬಾಗಿಲನ್ನು ನೋಡಿದಳು, ನನ್ನನ್ನು ನೋಡಿದಳು, ನೋಡ್ಬಹುದಾ ಅಂದಳು. ಹಲಸಿನ ಹಣ್ಣು ತಿನ್ಬಹುದಾ ಎಂದು ಕೇಳಿದ ಅದೇ ದನಿ. ದೇವರೇ, ಇಷ್ಟು ಹೊತ್ತು ಸುಮ್ಮನಿದ್ದದ್ದು ಬೇಡವೆಂದಲ್ಲ, ಕೇಳಬಾರದೇನೋ ಎಂದು. ನೋಡ್ಬಹುದು ಅಂದೆ, ನಿನ್ನ ಮಗು.

ಕೂಸನ್ನು ಎತ್ತಿಕೊಂಡು ಬಂದೆ. ಬಾಗಿಲಲ್ಲಿ ಯಮುನಮ್ಮ ಅಡ್ಡ ನಿಂತಿದ್ದರು, ನಾನು ನಿಂತೆ, ಕೂಸು ನಮ್ಮಿಬ್ಬರ ನಡುವೆ, ಅವರು ಮುಖ ತಿರುಗಿಸಿಕೊಂಡಿದ್ದರು, ನೋಡಬಾರದೆಂದು, ಒಳಗಿನಿಂದ ದುರ್ಗೇಶ್, ಅಮ್ಮ, ಬಿಡೇ, ನಾನೂ ನೋಡ್ತೀನಿ ಅಂದ, ಯಮುನಮ್ಮ ಸರಿದರು. ನವ್ಯಾಳ ತೋಳಿಗೆ ಇಟ್ಟೆ, ತಲೆಯಡಿ ಕೈ ಕೊಡು ಎಂದು ಹೇಳಬೇಕಾಗಲಿಲ್ಲ, ತಾನೇ ಕೊಟ್ಟಳು. ಕುಸಿಯಲಿಲ್ಲ, ಕಿರುಚಲಿಲ್ಲ, ಹೊಸ ತಾಯಂದಿರು ನೋಡುವ ಹಾಗೇ ನೋಡಿದಳು, ಪಾದದಿಂದ ಶುರುಮಾಡಿ, ಬಟ್ಟೆ ಸರಿಸಿ, ಬೆರಳು ಮುಟ್ಟಿ, ಮಂಡಿಯ ಗುಳಿ ಮುಟ್ಟಿ, ಕೂದ್ಲು ನೋಡ್ರೀ ಎಷ್ಟು ಅಂದಳು ಗಂಡನಿಗೆ, ಅವನು ಸ್ಟೂಲಿನಿಂದೆದ್ದು ಮಂಡಿಯೂರಿ ಕೂತುಬಿಟ್ಟ, ಒಂದೇ ಬೆರಳಿನಿಂದ ಕೆನ್ನೆ ಮುಟ್ಟಿದ, ತಣ್ಣಗಿದೆ ಅಂದ, ಬೆರಳು ತೆಗೆಯಲಿಲ್ಲ. ಕಿವಿ ಅತ್ತೆದು ಅಂದಳು ನವ್ಯಾ, ಮಡಚಿದ ಹಾಲೆ, ನೋಡಿ, ಅತ್ತೆದೇ ಕಿವಿ. ಬಾಗಿಲಲ್ಲಿ ಯಮುನಮ್ಮನ ಕೈ ಅವರ ಕಿವಿಗೆ ಹೋಯಿತು, ಅವರಿಗೇ ಗೊತ್ತಿಲ್ಲದೆ, ಆಮೇಲೆ ಬಂದರು, ಸೊಸೆಯ ಬೆನ್ನ ಹಿಂದೆ ನಿಂತು ಬಗ್ಗಿದರು, ನಮ್ಮಮ್ಮಂದೂ ಹಿಂಗೇ ಇತ್ತು ಅಂದರು, ಅಷ್ಟು ಹೇಳಿ ಗೋಡೆಗೆ ಹಣೆ ಹಚ್ಚಿ ಅತ್ತರು, ಆ ಇಡೀ ದಿನದಲ್ಲಿ ಜೋರಾಗಿ ಅತ್ತವರು ಅವರೊಬ್ಬರೇ. ಬೇಗ ಬೇಗ ಎಂದು ಯಾರೂ ಅನ್ನಲಿಲ್ಲ. ನಾನು ಹೊರಗೆ ಹೋಗಬೇಕಿತ್ತು, ಡ್ರಿಪ್ ಬದಲಿಸುವುದಿತ್ತು, ವಾರ್ಡಿನಲ್ಲಿ ಯಾರೋ ಸಿಸ್ಟರ್ ಸಿಸ್ಟರ್ ಎಂದು ಕೂಗುತ್ತಿದ್ದರು, ಹೋಗಲು ಕಾಲೆತ್ತಿದೆ. ಆಗಲೇ ನವ್ಯಾ ಕೂಸಿನ ಮುಷ್ಟಿ ಬಿಡಿಸಿದಳು, ಅಯ್ಯೋ, ಉಗುರು ಬೆಳೆದಿದೆ ಅಂದಳು. ಬೆಳೆದಿತ್ತು, ದಿನ ತುಂಬಿದ ಕೂಸಲ್ಲವೇ, ಬೆರಳ ತುದಿ ದಾಟಿ ಬೆಳೆದಿತ್ತು, ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗೆ. ಮುಖ ಪರಚ್ಕಂತಾಳೆ ಅಂದಳು. ಯಾರಿಗೆ ಅಂದಳೋ. ಆ ಪುಟ್ಟ ಬೆರಳನ್ನು ತುಟಿಗೆ ಒಯ್ದಳು, ಮುಂದಿನ ಹಲ್ಲಿನ ತುದಿಯಿಂದ ಉಗುರನ್ನು ಮೆಲ್ಲಗೆ ಕಚ್ಚಿದಳು, ನಮ್ಮ ಕಡೆ ತಾಯಂದಿರು ಮಾಡುವ ಹಾಗೆ, ಕಬ್ಬಿಣ ತಾಗಿಸಬಾರದೆಂದು, ಕಚ್ಚಿ ನಾಲಿಗೆಯ ತುದಿಯಿಂದ ಚೂರನ್ನು ಅಂಗೈಗೆ ತೆಗೆದಳು, ಮುಂದಿನ ಬೆರಳು ಹಿಡಿದಳು.

ಸಂಜೆ ಬಿಸಿಲಿರುವಾಗಲೇ ದುರ್ಗೇಶ್ ತೆಗೆದುಕೊಂಡು ಹೋದ, ಹಿಂದಿನ ಬಾಗಿಲಿನಿಂದಲ್ಲ, ನಾಲ್ಕು ಜನ ಕೂತಿದ್ದ ವರಾಂಡದಲ್ಲೇ ಎದೆಗೊತ್ತಿಕೊಂಡು ಹೋದ, ಯಮುನಮ್ಮ ಸೊಸೆಯ ಬಳಿ ಉಳಿದರು, ಬಟ್ಟಲಿನಲ್ಲಿ ಗಂಜಿ ಕಲಸುತ್ತಿದ್ದರು. ನಾನು ಡ್ಯೂಟಿ ಒಪ್ಪಿಸಿ ಹೊರಬಿದ್ದೆ, ತೀರ್ಥಹಳ್ಳಿ ಬಸ್ಸು ಧೂಳೆಬ್ಬಿಸಿ ಹೋಯಿತು, ಬೇಕರಿಯವನು ಸಿಸ್ಟ್ರೇ ಮನೆಗಾ ಅಂದ, ಹೂಂ ಮನೆಗೆ, ಹಾಲಿನ ಪ್ಯಾಕೆಟ್ ತೆಗೆದುಕೊಂಡೆ, ನಡೆಯುವಾಗ ಸುಖವೆಂದಲ್ಲ, ಸಮಾಧಾನವೆಂದೂ ಅಲ್ಲ, ಮಾಡಿದ್ದು ಸರಿಯೋ ಎಂದು ನವ್ಯಾಳ ಮುಂದಿನ ದಿನಗಳು ಹೇಳಬೇಕು, ಅದು ನನಗೆ ಗೊತ್ತಾಗುವುದೂ ಇಲ್ಲ, ಡಿಸ್ಚಾರ್ಜ್ ಆದ ಮೇಲೆ ನಮಗೆ ಯಾರೂ ಏನೂ ಹೇಳುವುದಿಲ್ಲ, ಬದುಕಿದ ಮಕ್ಕಳು ಮಾತ್ರ ಚುಚ್ಚುಮದ್ದಿಗೆ ಬರುತ್ತವೆ. ಬೆರಳು ಹಿಡಿದಳು, ತುಟಿಗೆ ಒಯ್ದಳು. ಹಾಲನ್ನು ಇನ್ನೊಂದು ಕೈಗೆ ಬದಲಿಸುತ್ತೇನೆ, ಗೇಟು ತೆಗೆಯುತ್ತೇನೆ, ಆಶಾ ಒಳಗಿನಿಂದ, ಬಂದ್ರಾ ಅಕ್ಕಾ, ಇವತ್ತು ಊಟ ಚೆನ್ನಾಗಿ ಮಾಡಿದ್ರು, ನಾನು ಹೋಗ್ತೀನಿ ಎಂದು ಹೊರಡುತ್ತಾಳೆ, ಚಪ್ಪಲಿ ಬಿಡುತ್ತೇನೆ, ಅವ್ವ ಬಾಗಿಲಿಗೆ ಬಂದಿದ್ದಾಳೆ, ಗೋಡೆ ಹಿಡಿದುಕೊಂಡು. ಕೂಸು ಎಲ್ಲಿ, ಇನ್ನೂ ತರ್ಲೇ ಇಲ್ಲ. ನಾಳೆ ತರ್ತಾರೆ ಅವ್ವ, ದಿನಾ ಹೇಳುವ ಮಾತು, ಸಲೀಸಾಗಿ ಬರುವ ಮಾತು, ಇವತ್ತು ಬರುತ್ತಿಲ್ಲ, ಬಾಯಿ ತೆರೆದರೆ ಬೇರೆಯೇ ಬರುತ್ತದೆ, ನಾನು ನೋಡ್ದೆ ಅವ್ವ. ಅವ್ವ ನನ್ನ ತೋಳು ಹಿಡಿಯುತ್ತಾಳೆ, ಇಷ್ಟು ಬಲ ಎಲ್ಲಿತ್ತು ಈ ಕೈಯಲ್ಲಿ, ನೋಡ್ದ್ಯಾ, ಎಂತ ಕೂಸು. ಹೆಣ್ಣು ಅವ್ವ. ಹೆಣ್ಣಾ, ಅವ್ವ ಅಲ್ಲೇ ಹೊಸ್ತಿಲಲ್ಲಿ ಕೂರುತ್ತಾಳೆ, ನಾನೂ ಕೂರುತ್ತೇನೆ, ಯಾರ ಕೂಸನ್ನು ಯಾರಿಗೆ ಕೊಡುತ್ತಿದ್ದೇನೆ, ನವ್ಯಾ, ಕೊಡಬಹುದಾ ಎಂದು ಕೇಳಲೂ ಇಲ್ಲವಲ್ಲ ನಿನ್ನನ್ನು, ಬೇಡವೆನ್ನುತ್ತಿರಲಿಲ್ಲ ನೀನು. ಸ್ನಾನ ಮಾಡಿಸಿದ್ರಾ, ಮಾಡಿಸಿದೆ, ಬೆಚ್ಚಗಿನ ನೀರಲ್ಲಿ, ಹಳೇ ಸೀರೇಲಿ ಸುತ್ತಿದ್ರಾ, ಸುತ್ತಿದೆ. ಮುಖ, ಮುಖ ಹೇಳು. ದುಂಡಗಿತ್ತು ಅವ್ವ, ತಲೆ ತುಂಬ ಕೂದಲು, ಕಪ್ಪು, ಹಣೆಗೆ ಅಂಟಿತ್ತು, ಹುಬ್ಬು ತಿದ್ದಿದ ಹಾಗೆ, ಕಿವಿಯ ಹಾಲೆ ಮಡಚಿತ್ತು. ಅವ್ವ ಕಣ್ಣು ಮುಚ್ಚಿಕೊಂಡಿದ್ದಾಳೆ, ತುಟಿ ಅಲ್ಲಾಡುತ್ತಿದೆ, ಒಂದೊಂದನ್ನೇ ಎತ್ತಿ ಒಳಗಿಟ್ಟುಕೊಳ್ಳುತ್ತಿದ್ದಾಳೆ, ಮತ್ತೆ, ಕೈ ಹೆಂಗಿತ್ತು. ಕೈ ಮುಷ್ಟಿ ಹಿಡಿದಿತ್ತು ಅವ್ವ, ಬಿಡಿಸಿದ್ರೆ ಬೆರಳು ಉದ್ದುದ್ದ, ಉಗುರು. ಉಗುರು ಎಂತ ಆಯ್ತು, ಹೇಳೇ. ಉಗುರು ಅವ್ವ, ಬೆಳೆದಿತ್ತು — ನವ್ಯಾ ಮತ್ತೆ ಕಿಟಕಿಯ ಬೆಳಕಿಗೆ ಕೂಸಿನ ಬೆರಳನ್ನು ತಿರುಗಿಸಿ ನೋಡುತ್ತಾಳೆ, ತುಟಿಗೆ ಒಯ್ಯುತ್ತಾಳೆ, ಹಲ್ಲಿನ ತುದಿಯಿಂದ, ಮೆಲ್ಲಗೆ, ನೋವಾಗದ ಹಾಗೆ, ಒಂದು ಚೂರು ಅಂಗೈಗೆ, ಮತ್ತೆ ಮುಂದಿನ ಬೆರಳು, ತುಟಿಗೆ, ನೋವಾಗದ ಹಾಗೆ, ಮುಂದಿನ ಬೆರಳು, ನೋವಾಗದ ಹಾಗೆ —